ಮೂಗಿಗೆ ಬೇಡದ ಕಾಫಿ

ಅತ್ತೆ ಬಾಯಿ ಮುಚ್ಚಿದರೆ ಅಳಿಯನಿಗೆ ಹಾಲು ಕುಡಿದಷ್ಟು ಸಂತೋಷ ಎಂದು ನೀವು ತಿಳಿದಿದ್ದರೆ, ಅದು ತಪ್ಪು. ಮೊದಲ ವಾರ ನಾನೂ ಹಾಗೇ ತಿಳಿದಿದ್ದೆ.

ನಮ್ಮ ಜೊತೆಯಲ್ಲೇ ಇರುವ ನನ್ನ ಹೆಂಡತಿಯ ತಾಯಿ ಕೆಟ್ಟ ಜ್ವರದಿಂದ ಎದ್ದರು. ಅವರ ಮೂಗು ಮಾತ್ರ ಏಳಲಿಲ್ಲ. ವಾಸನೆ ಎಂಬುದೇ ಹೊರಟುಹೋಯಿತು. ಅದೇನು ಸಾಮಾನ್ಯ ಮೂಗಲ್ಲ ಸ್ವಾಮಿ. ನಡುಮನೆಯಲ್ಲಿ ಕೂತೇ, ಒಲೆಯ ಮೇಲಿನ ಹಾಲು ತಳ ಹಿಡಿಯುವ ಮೊದಲೇ ತೀರ್ಪು ಕೊಡುತ್ತಿದ್ದ ಸರ್ವೋಚ್ಚ ನಾಸಿಕ! ಅದು ಕೈಕೊಟ್ಟ ಮೇಲೆ ಅತ್ತೆ ಮೊದಲು ಟೀಕೆ ಬಿಟ್ಟರು, ಆಮೇಲೆ ಊಟವನ್ನೂ ಬಿಡತೊಡಗಿದರು. ಏನು ಬಡಿಸಿದರೂ ಮಣ್ಣು ತಿಂದ ಹಾಗಿದೆ ಎಂದು ತಟ್ಟೆ ಸರಿಸುತ್ತಿದ್ದರು. ಮೂಗು ಸರಿಹೋಗುತ್ತದೋ ಇಲ್ಲವೋ ಎಂದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು.

ಆಗ ಹೊಳೆಯಿತು ಆ ಮಹೋಪಾಯ. ಮೂಗು ಮುಷ್ಕರ ಹೂಡಿದರೂ ನಾಲಿಗೆಗೆ ಕಹಿ ತಿಳಿಯುತ್ತದಂತೆ. ಅತ್ತೆಗೆ ಕಾಫಿಯೆಂದರೆ ಪ್ರಾಣ. ಹಸಿ ಬೀಜ ತಂದು, ಮನೆಯಲ್ಲೇ ಕಪ್ಪಗೆ ಹುರಿದು, ನಾಲಿಗೆಯನ್ನು ಹಿಡಿದು ಅಲ್ಲಾಡಿಸುವಂಥ ಕಾಫಿ ಕೊಟ್ಟರೆ?

ಬೀಜದಂಗಡಿಯಾಕೆ ಒಂದೊಂದೇ ಡಬ್ಬಿ ತೆರೆದು, ಹುರಿದರೆ ಇದು ಹೂವಿನ ಹಾಗೆ ಘಮಘಮ, ಇದು ಕಿತ್ತಳೆಯ ಹಾಗೆ ಎಂದು ವರ್ಣಿಸಿದರು. ನನಗೆ ಘಮ ಬೇಡವೇ ಬೇಡ, ಕಹಿ ಸಾಕು ಎಂದೆ. ಆಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕಾರಣ ಹೇಳಿದ ಮೇಲೆ ಮೆತ್ತಗಾಗಿ, ಹೂವಿನ ಬೀಜವನ್ನು ಕಪ್ಪಗೆ ಹುರಿದರೆ ಹೂವು ಸುಟ್ಟುಹೋಗುತ್ತದೆ, ಬೆಂಕಿ ತಡೆಯುವಂಥ ಗಟ್ಟಿ ಬೀಜವನ್ನೇ ಆರಿಸಿಕೊಳ್ಳಿ ಎಂದರು. ಗಟ್ಟಿತನ ಪರೀಕ್ಷಿಸಲು ಒಂದನ್ನು ಕಚ್ಚಿ ನೋಡಿದೆ. (ಬೀಜ ಗೆದ್ದಿತು. ಹಲ್ಲಿನ ಡಾಕ್ಟರ ಕಥೆ ಇಲ್ಲಿ ಬೇಡ.)

ಮನೆಗೆ ಬಂದು ಅತ್ತೆಯ ಮುಂದೆ ತಟ್ಟೆಯಲ್ಲಿ ಬೀಜ ಸುರಿದೆ. ಎಲ್ಲ ಒಂದೇ ಗಾತ್ರದ್ದಿರಬೇಕು. ಇಲ್ಲದಿದ್ದರೆ ದೊಡ್ಡದು ಹುರಿಯುವಷ್ಟರಲ್ಲಿ ಚಿಕ್ಕದು ಇದ್ದಿಲಾಗುತ್ತದೆ. ನಾನು ಆರಿಸಿಟ್ಟಿದ್ದರಲ್ಲಿ ಅರ್ಧವನ್ನು ಅತ್ತೆ ಎತ್ತಿ ಹೊರಗೆಸೆದರು. ಎಷ್ಟೋ ದಿನದ ಮೇಲೆ ಸಿಕ್ಕ ಆ ಅವಮಾನ ನನಗೆ ಬಹಳ ಹಿತವಾಯಿತು.

ಬೀಜ ಎರಡನೆಯ ಸಲ ಚಟಪಟ ಸಿಡಿದು ಎಣ್ಣೆ ಬಿಡುವವರೆಗೂ ಹುರಿದೆ. ಹೊಗೆ ಕಂಡು ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು. ಹೆಂಡತಿಯಂತೂ ಇದನ್ನು ಕುಡಿಯುವ ಬದಲು ಬೂದಿ ಕಲಸಿ ಕುಡಿಯುತ್ತೇನೆ ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಅತ್ತೆ ಒಂದು ಗುಟುಕು ಕುಡಿದು ಹೇಳಿದರು:

"ಏನೋ ತಗಲ್ತು ನಾಲಿಗೆಗೆ. ಇನ್ನೊಂಚೂರು ಕೊಡಿ."

ಅಂದಿನಿಂದ ಕಾಫಿಯ ಜೊತೆಗೊಂದು ತುಂಡು ಬ್ರೆಡ್ಡು ಒಳಗಿಳಿಯಿತು. ಬರಬರುತ್ತಾ ಊಟವೂ ಇಳಿಯಿತು. ಹೆಂಡತಿಯ ಮುಖದಲ್ಲಿ ಗೆಲುವು ಬಂತು. ನನ್ನ ಕಾಲಂತೂ ನೆಲದ ಮೇಲೆ ನಿಲ್ಲಲಿಲ್ಲ. ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಬೀಜದ ಆಯ್ಕೆಯ ಕುರಿತು ಪ್ರವಚನ ಕೊಟ್ಟೆ. ನಮ್ಮತ್ತೆಯಂಥ ಕಟ್ಟುನಿಟ್ಟಿನವರೇ ನನ್ನ ಕಾಫಿಯಲ್ಲಿ ಇಂದಿನವರೆಗೆ ಒಂದು ತಪ್ಪು ಹಿಡಿದಿಲ್ಲ ಎಂದು ಬೀಗಿದೆ. (ಏಕೆ ಹಿಡಿದಿಲ್ಲ ಎಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ.)

ಒಂದು ಬೆಳಿಗ್ಗೆ ಎಂದಿನಂತೆ ಲೋಟ ಕೊಟ್ಟೆ. ಅತ್ತೆ ತುಟಿಯವರೆಗೆ ಒಯ್ದು ನಿಲ್ಲಿಸಿದರು. ಹುಬ್ಬು ಗಂಟಾಯಿತು. ಲೋಟವನ್ನು ದೂರ ಹಿಡಿದು ನೋಡಿ, ಮತ್ತೆ ಹತ್ತಿರ ತಂದರು.

"ಇದೇನ್ರೀ ಇದು, ಟೈರ್ ಸುಟ್ಟ ವಾಸ್ನೆ?"

ಹೆಂಡತಿಯ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. "ಅಮ್ಮಾ, ನಿಂಗೆ ವಾಸ್ನೆ ಬರ್ತಿದೆಯಾ?"

"ಬರ್ದೆ ಏನು? ಇಷ್ಟು ದಿನ ಇದನ್ನಾ ನಂಗೆ ಕುಡಿಸಿದ್ದು? ಶತ್ರುಗೂ ಕೊಡಬಾರ್ದು ಇಂಥಾದ್ದು."

ಹೆಂಡತಿ ತಾಯಿಯನ್ನು ತಬ್ಬಿಕೊಂಡು ಅತ್ತಳು. ನನ್ನ ಕಣ್ಣೂ ತುಂಬಿತು. ಅತ್ತೆ ಮಾತ್ರ ಮಗಳ ಭುಜದ ಮೇಲಿಂದಲೇ ನನ್ನ ವಿಚಾರಣೆ ಮುಂದುವರಿಸಿದರು: ಬೀಜ ಕರಕಲು, ಪುಡಿ ಕರಕಲು, ಹುರಿದವನ ಬುದ್ಧಿಯೂ ಕರಕಲು. ಆ ಒಂದೊಂದು ಬೈಗುಳವನ್ನೂ ಪ್ರಶಸ್ತಿಯಂತೆ ತಲೆಬಾಗಿ ಸ್ವೀಕರಿಸಿದೆ. ಯಾವ ದೇವರಿಗೆ ಹೇಳಬೇಕೋ ತಿಳಿಯದೆ, ಇದ್ದಬದ್ದವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ.

ಆಸೆ ತಡೆಯದೆ ಹತ್ತಿರ ಹೋಗಿ, ಇನ್ನೇನೇನು ವಾಸನೆ ಬರುತ್ತಿದೆ ಎಂದು ಕೇಳಿದೆ. ಅತ್ತೆ ನನ್ನ ಕಡೆ ತುಸು ಬಾಗಿ, ಆಳವಾಗಿ ಉಸಿರೆಳೆದುಕೊಂಡರು.

"ಮೊದ್ಲು ಹೋಗಿ ಸ್ನಾನ ಮಾಡ್ಕೊಂಡು ಬನ್ನಿ."

ಅಷ್ಟು ಸಂತೋಷದಿಂದ ನಾನು ಎಂದೂ ಸ್ನಾನ ಮಾಡಿರಲಿಲ್ಲ.