ಬಣ್ಣ ನುಂಗುವ ಪೀಪಾಯಿ

"ವೈನಿ, ಕಣ್ಣು ಬಿಟ್ಟು ನೋಡ್ರಿ!" ಎನ್ನುತ್ತ ಮೈದುನ ಮುರಿಗೆಪ್ಪ ಪೀಪಾಯಿಯ ನಳ ತಿರುವಿದ. ಮೇಲಿನಿಂದ ಸುರಿದದ್ದು ಕುಂಕುಮದಂಥ ಕೆಂಪು ನೀರು. ಕೆಳಗಿಳಿದದ್ದು ಶುದ್ಧ ತಿಳಿನೀರು!

ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಸಾವಕ್ಕನಿಗೆ ಹೋದ ಜೀವ ಬಂದಂತಾಯಿತು. ಗಟಾರದಲ್ಲಿ ಇನ್ನೊಮ್ಮೆ ಬಣ್ಣ ಹರಿದರೆ ಬಣ್ಣದಮನೆಗೆ ಬೀಗ ಜಡಿಯುತ್ತೇನೆಂದು ತಪಾಸಣೆಯ ಸಾಹೇಬರು ಹೇಳಿ ಹೋಗಿದ್ದರು. ಇವತ್ತು ಮಧ್ಯಾಹ್ನ ಅವರು ಮತ್ತೆ ಬರುವವರಿದ್ದರು.

"ಒಳಗ ಏನು ತುಂಬಿಯೋ?"

"ತೆಂಗಿನ ಚಿಪ್ಪಿನ ಇದ್ದಲಿ. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ! ಜೋಡಿಗೆ ಒಂದಿಷ್ಟು ಔಷಧದ ಪುಡಿ. ಬಣ್ಣಾನ ಒಡದು ಚೂರು ಮಾಡತಾವು, ತಾವು ಮಾತ್ರ ಸವೆಯಂಗಿಲ್ಲ!"

"ಬೆಳ್ಳಿ ಎಲ್ಲಿಂದ ತಂದಿ?"

ಮೈದುನ ಪ್ಯಾಂಟನ್ನು ಬಿಗಿಯಾಗಿ ಹಿಡಿದುಕೊಂಡ. "ಉಡದಾರ ಕರಗಿಸೇನಿ."

ಬಿರುಬೇಸಿಗೆಯಲ್ಲಿ ತಿಳಿನೀರನ್ನು ಗಟಾರಕ್ಕೆ ಬಿಡುವುದೆಂದರೆ ಸಾವಕ್ಕನಿಗೆ ಹಾಲು ಚೆಲ್ಲಿದಷ್ಟು ಸಂಕಟ. ಮುರಿಗೆಪ್ಪ ಊಟಕ್ಕೆ ಕೂತದ್ದೇ ತಡ, ಅಷ್ಟೂ ನೀರನ್ನು ಕೊಡದಲ್ಲಿ ಹೊತ್ತು ತಂದು ಬಣ್ಣದ ಹಂಡೆಗೇ ಸುರಿದಳು!

ಹಂಡೆಯ ಕೆಂಪು ಗುಲಾಬಿಯಾಯಿತು, ಗುಲಾಬಿ ಮಾಯವಾಯಿತು. ನೂಲಿನ ಲಡಿ ಎತ್ತಿದರೆ ಅರಳೆಯಂತೆ ಬೆಳ್ಳಗೆ! ಮತ್ತೆ ಬೊಗಸೆ ತುಂಬ ಬಣ್ಣ ಸುರಿದಳು. ಅದನ್ನೂ ನುಂಗಿ ನೀರು ತಣ್ಣಗೆ ಕೂತಿತು.

"ಮುರಿಗೆಪ್ಪಾ! ನಿನ್ನ ಭೂತ ನನ್ನ ಹಂಡೆ ಹೊಕ್ಕೇತಿ!"

"ಅಯ್ಯ ವೈನಿ, ಕಣ ಸಡಿಲಾಗಿ ನೀರಿನ ಜೋಡಿ ಬಂದಾವು! ಗಟಾರ ಯಾವುದು, ಹಂಡೆ ಯಾವುದು ಅಂತ ಅವಕ್ಕೇನು ಗೊತ್ತು?"

"ನಿನಗರ ಗೊತ್ತಿರಬೇಕಿತ್ತಲ್ಲ!"

"ಹಂಡೆಗೆ ಸುರೀರಿ ಅಂತ ನಾ ಹೇಳಿದ್ನೇನು?"

ಸಾವಕ್ಕ ಸಿಟ್ಟಿನಿಂದ ಕೋಲನ್ನು ಹಂಡೆಗೆ ಬಡಿದಳು. ನೀರು ಸಿಡಿದು ಮುರಿಗೆಪ್ಪನ ನೀಲಿ ಅಂಗಿ ಬಿಳುಪೇರಿತು. ಅವಳ ಕೆಂಪು ಸೆರಗೂ ಅದೇ ದಾರಿ ಹಿಡಿಯಿತು!

"ನಿಮ್ಮಣ್ಣ ಗುಂಡುಕಲ್ಲಿನಂಗ ಅದಾನ, ನನಗ ಬಿಳೇ ಸೆರಗು ಹೊಚ್ಚಿಸಿದೆಲ್ಲೋ!"

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಬಿಸಿಲಿಗೆ ಬೆಂದಿದ್ದವರು ಹಂಡೆಯ ತಿಳಿನೀರು ಕಂಡದ್ದೇ ಬೊಗಸೆಯಲ್ಲಿ ಎತ್ತಿ ಗಸಗಸ ಮುಖ ತೊಳೆದುಕೊಂಡರು. ಅವರ ಕಪ್ಪು ಮೀಸೆ ಸಾವಕ್ಕನ ಕಣ್ಣೆದುರೇ ಬೆಳ್ಳಗಾಯಿತು!

ಏನೂ ಅರಿಯದ ಸಾಹೇಬರು ಗಟಾರಕ್ಕೆ ಇಣುಕಿದರು. "ಬಣ್ಣಿಲ್ಲ, ಭೇಷ್!" ಹಂಡೆಗೆ ಇಣುಕಿದರು. "ಇಲ್ಲೂ ಇಲ್ಲ!" ನೂಲು ನೋಡಿದರು. "ಅಲ್ಲಬೇ, ಬಣ್ಣಾನ ಇಲ್ಲದ ಮ್ಯಾಲ ಇದು ಬಣ್ಣದಮನಿ ಹೆಂಗಾತು? ನಾ ಬೀಗ ಹಾಕೂದಾದರೂ ಯಾತಕ್ಕ?" ಎಂದು ನರೆಮೀಸೆ ತಿರುವುತ್ತ ಹೊರಟುಹೋದರು.

ಬೀಗ ತಪ್ಪಿದ ಖುಷಿಗೆ ಸಾವಕ್ಕನ ಕಣ್ಣು ತುಂಬಿತು. ಮುರಿಗೆಪ್ಪ ಮಾತ್ರ ಹೆದರಿ, ಹಂಡೆಯನ್ನು ಗಡಿಬಿಡಿಯಿಂದ ತಿಕ್ಕತೊಡಗಿದ. "ಸಾಹೇಬ್ರು ತಿರುಗಿ ಬರೂದರಾಗ ಲಗೂನ ಬಣ್ಣ ಹಾಕಿ ಮುಗಿಸೂನ್ರಿ ವೈನಿ!"

"ಸಾವಕಾಶ ತಿಕ್ಕೋ. ಮನಿಗಿ ಹೋಗಿ ಕನ್ನಡಿ ನೋಡಿಕೊಂಡ ಮ್ಯಾಲ ಅವರು ತಿಂಗಳಾನುಗಟ್ಟಲೆ ಹೊರಗ ಬರಂಗಿಲ್ಲ."