ಕಾಲು ತಾಗಿದ ಔಟು

ಅಮರನಾಥ ಮಾಸ್ತರರ ಹೊಟ್ಟೆಕಿಚ್ಚಿಗೆ ಕಾರಣ ಒಂದು ನೀಲಿ ಟೋಪಿ. ಸೇಡಂ ಶಾಲೆಯ ಹುಡುಗಿಯರಿಗೆ ಮೂರು ವರ್ಷ ಬೇಸ್‌ಬಾಲ್ ಕಲಿಸಿ ಗಂಟಲು ಹರಿದುಕೊಂಡವರು ಅವರು. ವಿಭಾಗ ಮಟ್ಟಕ್ಕೆ ಅಂಪೈರ್ ಎಂದು ಆಯ್ಕೆಯಾಗಿ ಟೋಪಿ ತೊಟ್ಟವರು ಮಾತ್ರ ವಾಡಿಯ ಲಕ್ಷ್ಮಿಕಾಂತ ಮಾಸ್ತರರು. ಇಂದು ಚಿತ್ತಾಪುರದ ಮೈದಾನದಲ್ಲಿ, ಜಿಲ್ಲಾ ಫೈನಲ್ ಪಂದ್ಯದಲ್ಲಿ, ಆ ಟೋಪಿ ಗತ್ತಿನಿಂದ ಓಡಾಡುತ್ತಿದ್ದರೆ, ಅಮರನಾಥರಿಗೆ ಬೆಳಿಗ್ಗೆ ತಿಂದ ಚುರುಮುರಿ ಸುಸಲಾ ಕೂಡ ಕರಗಲಿಲ್ಲ.

"ಒಂದ್ ತಪ್ಪು ಮಾಡ್ಲಿ, ನೋಡ್ಕೋತೀನಿ," ಎಂದು ಹಲ್ಲು ಕಡಿದರು.

ತಪ್ಪು ಕೊನೆಯ ಸರದಿಯಲ್ಲಿ ಸಿಕ್ಕಿತು. ಎದುರಾಳಿ ಶಹಾಬಾದಿಗಿಂತ ಸೇಡಂ ಒಂದು ರನ್ ಮುಂದಿತ್ತು. ಶಹಾಬಾದಿನ ಇನ್ನೊಬ್ಬಳು ಔಟಾದರೆ ಗೆಲುವು. ಉರುಳಿ ಬಂದ ಚೆಂಡು ಹಿಡಿಯಲು ಸೇಡಂನ ಫರಹತ ಬಾಗಿದಳು. ಮೊದಲೇ ಬೇಸಿನಲ್ಲಿದ್ದು ಈಗ ಮುಂದಿನ ಬೇಸಿಗೆ ಓಡಿ ಬಂದ ಶಹಾಬಾದಿನ ದಾನಮ್ಮನ ಕಾಲು ಅವಳಿಗೆ ತಾಗಿತು. ಮನೆಯಲ್ಲಿ ಕಲಿತ ರೂಢಿ ಎಲ್ಲಿ ಬಿಟ್ಟೀತು? ದಾನಮ್ಮ ಗಕ್ಕನೆ ನಿಂತು, ಫರಹತಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಇರ್ಲಿ ಬಿಡವಾ," ಎಂದಳು ಫರಹತ. ಅಷ್ಟರಲ್ಲಿ ಚೆಂಡು ಇಬ್ಬರ ನಡುವೆ ನುಸುಳಿ ತೊಗರಿ ಹೊಲ ಸೇರಿತ್ತು. ದಾನಮ್ಮನೂ ಚೆಂಡು ಹೊಡೆದವಳೂ ಸುತ್ತು ಮುಗಿಸಿದರು. "ಎರಡು ರನ್!" ಎಂದು ಲಕ್ಷ್ಮಿಕಾಂತ ಕೈಯೆತ್ತಿದರು.

ಅಮರನಾಥರು ಪಂಚಾಯಿತಿಗೆ ನುಗ್ಗಿದವರಂತೆ ನುಗ್ಗಿದರು. "ಔಟ್ ಕೊಡ್ರಿ! ಚೆಂಡ್ ಹಿಡಿಯಾಕಿಗಿ ಅಡ್ಡ ಬಂದಾಳ!"

"ಬೇಕಂತ ಬಂದಿಲ್ರಿ ಸರ. ಪಾಪ, ನಮಸ್ಕಾರ ಮಾಡ್ಯಾಳ," ಎಂದರು ಲಕ್ಷ್ಮಿಕಾಂತ.

"ಬೇಕಂತ ಬಂದ್ರೇನು, ಮರತು ಬಂದ್ರೇನು? ಅಡ್ಡ ಬಂದಾಕಿ ಔಟ್. ನಿಯಮ ಓದ್ರಿ!"

ಪಂದ್ಯ ನಡೆಸುತ್ತಿದ್ದ ಅಧಿಕಾರಿ ಹಸೀನಾಬೇಗಂ ಪುಸ್ತಕ ತೆರೆದು ಓದಿದರು, ತಲೆಯಾಡಿಸಿದರು. ದಾನಮ್ಮ ಔಟ್, ರನ್ ರದ್ದು, ಸೇಡಂ ಗೆದ್ದಿತು.

"ವಿಭಾಗಕ್ಕ ಇಂಥಾ ಅಂಪೈರೇ ಬೇಕು," ಎಂದ ಮೇಡಂ, ಟೋಪಿಯನ್ನು ಅಮರನಾಥರ ಕೈಗೆ ಕೊಡಿಸಿಯೇ ಬಿಟ್ಟರು. ಅಮರನಾಥರ ಹೊಟ್ಟೆ ತಣ್ಣಗಾಯಿತು.

"ಆದ್ರ ಸರ," ಎಂದರು ಮೇಡಂ, "ಅಂಪೈರಾದವ್ರು ತಮ್ಮ ತಂಡ ಕರ್ಕೊಂಡು ಬರಂಗಿಲ್ಲ. ನಿಮ್ಮ ಹುಡುಗ್ಯಾರ ಜೋಡಿ ಇನ್ಮ್ಯಾಲ ಲಕ್ಷ್ಮಿಕಾಂತ ಸರ ಇರ್ತಾರ. ಹ್ಯಾಂಗೂ ಈಗ ಖಾಲಿ ಅದಾರ."

ಅಮರನಾಥರು ಬಾಯಿ ತೆರೆಯುವ ಮೊದಲೇ ಹುಡುಗಿಯರು ಲಕ್ಷ್ಮಿಕಾಂತರನ್ನು ನಡುವೆ ಕೂಡಿಸಿಕೊಂಡು, ಗೆದ್ದ ಕಪ್ಪನ್ನು ಅವರ ಕೈಗಿತ್ತು, ಪತ್ರಿಕೆಯವರ ಕ್ಯಾಮೆರಾಕ್ಕೆ ನಗುತ್ತಿದ್ದರು. ಕ್ಯಾಮೆರಾಕ್ಕೆ ಅಡ್ಡ ನಿಂತಿದ್ದ ಅಮರನಾಥರಿಗೆ ಫರಹತ ಕೂಗಿದಳು:

"ಸರ, ನೀವು ಸ್ವಲ್ಪ ಬಾಜೂಕ ಸರೀರಿ. ನಮ್ಮ ಸರ ಕಾಣಲಿಕತ್ತಿಲ್ಲ!"