ಈ ವರ್ಷದ ಕೀಪರಿಗೆ ಒಂದು ಅಂಜಲ್

ನನ್ನ ಅತ್ತೆ ಜೀವಮಾನದಲ್ಲಿ ಕ್ರಿಕೆಟ್ ಬ್ಯಾಟು ಹಿಡಿದದ್ದು ಒಂದೇ ಸಲ. ಅದೂ ಮೀನಿನ ಬುಟ್ಟಿಗೆ ಬಾಯಿ ಹಾಕಿದ ಬೆಕ್ಕನ್ನು ಓಡಿಸಲಿಕ್ಕೆ. ಬೀಸಿದ ಪೆಟ್ಟು ಬೆಕ್ಕಿಗೆ ತಾಗಲಿಲ್ಲ, ಅಂಗಳದಲ್ಲಿದ್ದ ಮಡಕೆಗೆ ತಾಗಿತು. ಹೀಗಿದ್ದೂ ಬ್ರಹ್ಮಾವರದಿಂದ ಬೈಂದೂರಿನ ತನಕ ಟೆನಿಸ್ ಬಾಲ್ ಕ್ರಿಕೆಟ್ ಆಡುವ ಯಾವ ಹುಡುಗನನ್ನಾದರೂ ಕೇಳಿ ನೋಡಿ. ಅವನಿಗೆ ಅಂಪೈರ್ ಹೆದರಿಕೆ ಇಲ್ಲ, ಹೆಂಡತಿ ಹೆದರಿಕೆಯೂ ಇಲ್ಲ. ಬೌಂಡರಿಯ ಹೊರಗೆ ಕೊಡೆ ಬಿಡಿಸಿ ಕೂತ ನನ್ನ ಅತ್ತೆಯ ಹೆದರಿಕೆ ಇದೆ!

ಈಕೆ ನನ್ನ ಅಪ್ಪನ ಅಕ್ಕ. ಅರವತ್ತು ದಾಟಿದೆ. ಬೆಳಿಗ್ಗೆ ಕುಂದಾಪುರದಲ್ಲಿ ಮೀನು ಮಾರುತ್ತಾಳೆ. ಭಾನುವಾರ ಮಧ್ಯಾಹ್ನ ನನ್ನ ಸ್ಕೂಟರಿನ ಹಿಂದೆ ಕೂತು, ಎಲ್ಲಿ ಪಂದ್ಯವಿದೆಯೋ ಅಲ್ಲಿಗೆ ಹೊರಡುತ್ತಾಳೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ನನಗೂ ಭಾನುವಾರ ಒಂದು ನಿದ್ದೆ ಬೇಕು ಅಂತ ಇರುವುದಿಲ್ಲವೇ? ಅದನ್ನು ಅತ್ತೆಗೆ ಹೇಳುವವರು ಯಾರು?

ಇದು ಶುರುವಾದದ್ದು ಒಂದು ಸಿಟ್ಟಿನಿಂದ. ಹಿಂದೊಮ್ಮೆ ನಮ್ಮ ಕಡೆಯ ಪಂದ್ಯವೊಂದರಲ್ಲಿ ಕೊನೆಯ ಬಹುಮಾನ, ಎಂದಿನಂತೆ, ಹೆಚ್ಚು ಸಿಕ್ಸರ್ ಹೊಡೆದವನಿಗೆ ಹೋಯಿತು. ಅತ್ತೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೇಳಿದಳು: "ಹ್ವಾಯ್, ಹನ್ನೊಂದ್ ಜನ ಆಡದ್ದಲ್ದಾ? ಉಳ್ದ್ ಹತ್ತ್ ಜನ ಎಂತ, ಗದ್ದಿ ಕಾಯುಕ್ ಬಂದದ್ದಾ?"

ಉತ್ತರವನ್ನೂ ಅತ್ತೆಯೇ ಕೊಟ್ಟಳು. ಮರುವರ್ಷದಿಂದ ಅವಳದ್ದೇ ಬಹುಮಾನ! ಗದ್ದೆ ಕೊಯ್ಲು ಮುಗಿದಲ್ಲಿಂದ ಮಳೆ ಹಿಡಿಯುವ ತನಕ ಆಡಿದ ಎಲ್ಲರನ್ನೂ ಹೋಲಿಸಿ, ಒಂದೊಂದು ಜಾಗಕ್ಕೆ ಒಬ್ಬೊಬ್ಬ. ಮೊದಲ ಓವರಿನವನಿಗೆ ಒಂದು, ಲಾಂಗ್ ಆನ್‌ನಲ್ಲಿ ಬಿಸಿಲಿಗೆ ಕರಕಲಾದವನಿಗೆ ಒಂದು, ಕೊನೆಗೆ ಬ್ಯಾಟು ಹಿಡಿದು ಬರುವ ಹನ್ನೊಂದನೆಯವನಿಗೂ ಒಂದು. ಬಹುಮಾನ ಏನು? ಮೀನು! ಹನ್ನೊಂದನೆಯವನಿಗೆ ಬಂಗುಡೆ, ಲಾಂಗ್ ಆನ್‌ಗೆ ಕಾಣೆ, ಎಲ್ಲಕ್ಕಿಂತ ಮೇಲೆ ಕೀಪರಿಗೆ ಇಡೀ ಒಂದು ಅಂಜಲ್. "ಕೀಪರ್ ಆಟ ಇಡೀ ಬಗ್ಗಿ ಎದ್ದ್ ಮಾಡ್ತ. ಆ ಸೊಂಟ ನೋವ್ ನಂಗ್ ಗೊತ್ತಿತ್ತ್" ಎನ್ನುವುದು ಅವಳ ಸಮರ್ಥನೆ.

ಅವಳ ಲೆಕ್ಕದ ಪುಸ್ತಕವನ್ನು ನೀವು ನೋಡಬೇಕು. ಅಕ್ಷರ ಕಡಿಮೆ, ಚಿತ್ರ ಜಾಸ್ತಿ. ಹಿಡಿದ ಕ್ಯಾಚಿಗೂ ಹೊಡೆದ ಸಿಕ್ಸರಿಗೂ ಮೀನು, ಬಿಟ್ಟ ಕ್ಯಾಚಿಗೆ ಮೀನಿನ ಮುಳ್ಳು. ಒಮ್ಮೆ ಒಬ್ಬ ಹುಡುಗ ತನ್ನ ಪುಟ ಇಣುಕಿ ನೋಡಿ ಅಳುಮುಖ ಮಾಡಿದ. "ಅತ್ತಿ, ಇದೆಂತ, ಬರೀ ಮುಳ್ಳೇ ಇತ್ತಲೆ?"

"ಮತ್ತೆ? ನೀನ್ ತಿಂದ್ ಮುಗ್ಸಿದ್ದೆ ಮಗಾ!"

ಇನ್ನೊಂದು ಸಲ ಇಬ್ಬರು ಬ್ಯಾಟ್ಸ್‌ಮನ್‌ಗಳ ನಡುವೆ ಪೈಪೋಟಿ. ಸಿಕ್ಸರ್ ಇಬ್ಬರದ್ದೂ ಸಮ. ಅತ್ತೆಗೆ ಎಲ್ಲಿಯೋ ಸಂಶಯ. ಆಟ ನಡೆಯುತ್ತಿರುವಾಗಲೇ ಸೀರೆ ಎತ್ತಿಕಟ್ಟಿ ಪಿಚ್ಚಿನಿಂದ ಬೌಂಡರಿಗೆ ಹೆಜ್ಜೆ ಎಣಿಸುತ್ತ ನಡೆದೇಬಿಟ್ಟಳು. ಓಡಿಬರುತ್ತಿದ್ದ ಬೌಲರ್ ಅರ್ಧದಲ್ಲಿ ನಿಂತ. ಅಂಪೈರ್ ಕೈಮುಗಿದ: "ಅಮ್ಮಾ, ಆಟ ಆತಾ ಇತ್ತ್!"

"ನೀವ್ ಆಡಿ. ನಂದೆಂತ ಅಡ್ಡಿ ಇಲ್ಲ."

ಅಡ್ಡಿಯೆಲ್ಲ ಅವಳೇ! ಆದರೆ ಆ ಮೈದಾನದ ಬೌಂಡರಿ ಬೇರೆ ಕಡೆಗಿಂತ ಹನ್ನೆರಡು ಹೆಜ್ಜೆ ಕಡಿಮೆ ಎಂದು ಗೊತ್ತಾದದ್ದೂ ಅವತ್ತೇ. ಅಲ್ಲಿ ಹೊಡೆದ ಸಿಕ್ಸರುಗಳಿಗೆಲ್ಲ ಅತ್ತೆ ಬಾಲ ಕತ್ತರಿಸಿದ ಮೀನು ಬರೆದಳು.

ಇನ್ನು ಈ ವರ್ಷದ ಗಲಾಟೆಗೆ ಬರುತ್ತೇನೆ.

ಕಿರಿಮಂಜೇಶ್ವರದ ಕಡೆಯ ಒಬ್ಬ ಕೀಪರ್ ಇದ್ದಾನೆ. ಬಿಳಿ ಗ್ಲೌಸು, ಕಪ್ಪು ಕನ್ನಡಕ, ಮೊಬೈಲಿನಲ್ಲಿ ಅವನ ಸ್ಟಂಪಿಂಗಿನ ವಿಡಿಯೋ ನೋಡದವರಿಲ್ಲ. ಈ ಸಲ ಅಂಜಲ್ ಅವನದ್ದೇ ಎಂದು ಊರೆಲ್ಲ ನಿರ್ಧರಿಸಿಯಾಗಿತ್ತು. ಅತ್ತೆ ಮಾತ್ರ ಶಂಕರನಾರಾಯಣದ ಕಡೆಯ, ಯಾರೂ ಹೆಸರು ಕೇಳದ ಒಬ್ಬ ಕೀಪರನನ್ನು ಆರಿಸಿದಳು. ಮರದ ಮಿಲ್ಲಿನಲ್ಲಿ ಕೆಲಸ ಮಾಡುವ, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತಿರುವ ಮನುಷ್ಯ. ಅವನ ಕ್ಯಾಚುಗಳು ಕಿರಿಮಂಜೇಶ್ವರದವನ ಅರ್ಧದಷ್ಟೂ ಇರಲಿಲ್ಲ!

ಸುದ್ದಿ ಹಬ್ಬಿತು. ಬಸ್ರೂರಿನಲ್ಲಿ ಈ ಸಲದ ಕೊನೆಯ ಪಂದ್ಯ ಮುಗಿದು ಅತ್ತೆ ಐಸಿನ ಪೆಟ್ಟಿಗೆ ತೆರೆಯುವಷ್ಟರಲ್ಲಿ ಜನ ಸುತ್ತುಗಟ್ಟಿದರು. "ಅಮ್ಮಂಗ್ ಕಣ್ಣ್ ಮಂಜಾಯ್ತ್" ಎಂದು ಯಾರೋ ಹಿಂದಿನಿಂದ ಕೂಗಿದ. ನಾನು ಅತ್ತೆಯ ಪಕ್ಕಕ್ಕೆ ಹೋಗಿ ನಿಂತೆ. ಇಷ್ಟು ವರ್ಷ ಅತ್ತೆ ಕಟ್ಟಿದ್ದೆಲ್ಲ ಇವತ್ತು ನಗೆಪಾಟಲಾದರೆ? ಕಪ್ಪು ಕನ್ನಡಕದವನು ಮುಂದೆ ಬಂದ. ಮಾತಿನಲ್ಲಿ ಸೊಕ್ಕಿರಲಿಲ್ಲ, ನೋವಿತ್ತು.

"ಅತ್ತಿ, ನಂದೆಂತ ತಪ್ಪ್?"

"ತಪ್ಪೆಂತದೂ ಇಲ್ಲ ಮಾಣಿ. ನಿನ್ನ ಬೌಲರ್‌ಗಳ್ ಗೆರಿ ಎಳ್ದಂಗ್ ಹಾಕ್ತ್ರ್. ಬಾಲ್ ತಾನಾಗಿ ನಿನ್ನ ಕೈಗ್ ಬಂದ್ ಬೀಳತ್ತ್. ಅವ್ನ ಬೌಲರ್ ಹಾಕುದ್ ಕಂಡಿದ್ಯಾ? ಒಂದ್ ಆಕಾಶಕ್ಕೆ, ಒಂದ್ ಪಾತಾಳಕ್ಕೆ! ಅವ್ನ್ ತಡ್ದದ್ದ್ ಯಾರ್ ಲೆಕ್ಕದಗೂ ಇಲ್ಲ. ನನ್ನ ಪುಸ್ತಕದಗ್ ಇತ್ತ್."

"ಹಾಂಗಾರೆ ಆ ಬೌಲರಿಗೆ ನಾನೂ ಒಂದ್ ಓವರ್ ನಿಲ್ತೆ" ಎಂದ ಅವನು.

ಜನ ಕೇಕೆ ಹಾಕಿದರು. ಸ್ಟಂಪು ಮತ್ತೆ ನೆಟ್ಟರು. ಶಂಕರನಾರಾಯಣದ ಆ ಬೌಲರ್ ಓಡಿ ಬರುವುದನ್ನು ಕಂಡರೆ ಹಗ್ಗ ಬಿಚ್ಚಿದ ಕೋಣ ನೆನಪಾಗುತ್ತದೆ. ಎಲ್ಲಿಗೆ ಹೋಗುತ್ತೇನೆಂದು ಅವನಿಗೇ ಗೊತ್ತಿಲ್ಲ! ಮೊದಲ ಬಾಲ್ ಕೀಪರನ ತಲೆಯ ಮೇಲಿಂದ ಹಾರಿತು. ಎರಡನೆಯದು ಕಾಲ ಸಂದಿಯಲ್ಲಿ ನುಸುಳಿತು. ಮೂರನೆಯದು ಸಿಕ್ಕಿತು, ಚಪ್ಪಾಳೆ ಬಿತ್ತು. ನಾಲ್ಕನೆಯದು ಕಪ್ಪು ಕನ್ನಡಕಕ್ಕೆ ಬಡಿದು, ಕನ್ನಡಕ ಒಂದು ಕಡೆ, ಬಾಲ್ ಒಂದು ಕಡೆ. ಐದು ಮತ್ತು ಆರು ಎಲ್ಲಿ ಹೋದವೆಂದು ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ.

ಆಮೇಲೆ ಮರದ ಮಿಲ್ಲಿನವನು ನಿಂತ. ಹಳೇ ಗ್ಲೌಸು, ಹೆಬ್ಬೆರಳಿನ ಹತ್ತಿರ ಹರಿದಿತ್ತು. ಮೊದಲ ಬಾಲಿಗೆ ಬಲಕ್ಕೆ ಹಾರಿದ. ಎರಡನೆಯದಕ್ಕೆ ಎಡಕ್ಕೆ. ಮೂರನೆಯದನ್ನು ಎದೆಯಲ್ಲೇ ತಡೆದ. ಆರಕ್ಕೆ ಆರು! ಒಂದು ಬಾಲೂ ಹಿಂದೆ ಹೋಗಲಿಲ್ಲ. ಕೊನೆಯದನ್ನು ಮಣ್ಣಿನಲ್ಲಿ ಮುಖ ಊರಿ ಹಿಡಿದು, ಏಳದೆ, ಬಿದ್ದಲ್ಲಿಂದಲೇ ಬಾಲನ್ನು ಎತ್ತಿ ತೋರಿಸಿದ. ಬಸ್ರೂರಿಗೆ ಬಸ್ರೂರೇ ಎದ್ದು ಕುಣಿಯಿತು.

ಮುಂದೆ ನಡೆದದ್ದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಕಿರಿಮಂಜೇಶ್ವರದವನು ಸೀದಾ ಬಂದು ಐಸಿನ ಪೆಟ್ಟಿಗೆಗೆ ಕೈ ಹಾಕಿ ಅಂಜಲನ್ನು ಎರಡೂ ಕೈಯಲ್ಲಿ ಎತ್ತಿ, ಮಣ್ಣಾಗಿ ನಿಂತವನ ಕೈಗೆ ಕೊಟ್ಟ. "ಇದ್ ನಿಂದೇ ಮಾರಾಯಾ. ಅತ್ತಿ ಕಂಡದ್ದ್ ಸಮ ಇತ್ತ್." ಆ ಮೌನಿ ಮೀನನ್ನು ತಬ್ಬಿಕೊಂಡು ನಿಂತ. ಕಾಮೆಂಟರಿಯವನು ಮೈಕನ್ನು ಅತ್ತೆಯ ಬಾಯಿಗೆ ಹಿಡಿದ. ಗೆದ್ದ ಅತ್ತೆ ಏನು ಹೇಳಿದಳು ಗೊತ್ತೇ? "ಕಣ್ಣ್ ಮಂಜಾಯ್ತ್ ಅಂದದ್ದ್ ಯಾರ್? ನೀಲಿ ಅಂಗಿ, ಎರಡ್ನೇ ಸಾಲ್, ಎಡ್ಗಡಿ. ಹೌದಾ ಅಲ್ದಾ?"

ನೀಲಿ ಅಂಗಿ ಆಗಲೇ ಗದ್ದೆ ದಾಟಿ ಓಡುತ್ತಿತ್ತು!

ಸಂಜೆ ವಾಪಸು ಬರುವಾಗ ದಾರಿಯುದ್ದಕ್ಕೂ ಬೈಕಿನ ಹುಡುಗರು ಹಾರನ್ ಹೊಡೆದು ಅತ್ತೆಗೆ ಕೈ ಬೀಸುತ್ತಿದ್ದರು. ನನಗಂತೂ ನಾನೇ ಆರು ಬಾಲ್ ಹಿಡಿದಷ್ಟು ಹೆಮ್ಮೆ. ಹಿಂದೆ ಕೂತವಳು ಮಾತ್ರ ಯಾರಿಗೂ ತಿರುಗಿ ಕೈ ಬೀಸಲಿಲ್ಲ.

"ಎಂತ ಅತ್ತಿ, ಖುಷಿ ಇಲ್ಯಾ?"

"ಖುಷಿ ಇತ್ತ್ ಹೆಣ್ಣೇ." ಆಮೇಲೆ ಯಾರಿಗೋ ಹೇಳುವಂತೆ ಹೇಳಿದಳು: "ನಾನ್ ಬುಟ್ಟಿ ಹೊತ್ಕಂಡ್ ಮನಿ ಮನಿ ತಿರ್ಗುಕ್ ಶುರು ಮಾಡಿ ನಲ್ವತ್ತ್ ವರ್ಷದ ಮೇಲಾಯ್ತ್. ಬೋಟ್ ಹೋಗ್ದಿದ್ ವರ್ಷವೂ ಮನಿ ನಡ್ಸಿದೆ. ನಿನ್ನ ಅಪ್ಪನ್ ಓದ್ಸಿದೆ. 'ಈ ವರ್ಷ ನೀನ್ ಲಾಯ್ಕ್ ಮಾಡ್ದೆ' ಅಂತ ಒಬ್ರೂ ಹೇಳಿದ್ದಿಲ್ಲ ಕಾಣ್."

ಹೊಳೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿದೆ. ಹಿಂದೆ ತಿರುಗಿ ಅವಳ ಮುಖ ನೋಡಿದೆ.

"ಅತ್ತಿ, ಈ ವರ್ಷ ನೀನ್ ಲಾಯ್ಕ್ ಮಾಡ್ದೆ. ಹೋದ್ ವರ್ಷವೂ. ಅದ್ರ ಹಿಂದಿನ್ ವರ್ಷವೂ."

"ಬರೀ ಬಾಯಲ್ ಹೇಳ್ರೆ ಆತಿಲ್ಲ. ಯಾರ್ ಒಟ್ಟಿಗ್ ಹೋಲ್ಸಿದ್ದ್?"

"ಯಾರ್ ಒಟ್ಟಿಗೂ ಇಲ್ಲ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವರ ಗತಿ ಮುಗಿದಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಯ್ಲಿ. ಇದೊಂದ್ ಸಲ ನಡೀತ್ತ್. ಗಾಡಿ ಬಿಡ್" ಎಂದಳು.

ಸ್ಕೂಟರ್ ಹೊರಟಿತು. ಮೀನಿನ ವಾಸನೆಯ ಒರಟು ಕೈಯೊಂದು ನನ್ನ ಸೊಂಟವನ್ನು ಬಳಸಿ ಬಿಗಿಯಾಗಿ ಹಿಡಿದುಕೊಂಡಿತು.